ನೆನಪುಗಳ ಸಂಕಲನ

ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕ. ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪಂಪ ರನ್ನರನ್ನೂ ಬೇಂದ್ರೆ ಅಡಿಗರನ್ನೂ ಪಾಠ ಹೇಳಿ ನಿವೃತ್ತನಾದವನು. ಪಾಶ್ಚಾತ್ಯ ಸಂಗೀತದ ಶಾಸ್ತ್ರ ನನಗೆ ತಿಳಿಯದು; ಅದರ ಸ್ವರಲಿಪಿಯನ್ನು ಓದಲೂ ಬಾರದು. ಹೀಗಿದ್ದೂ ಅಮೆರಿಕದ ಜನಪ್ರಿಯ ಗಾಯಕಿಯೊಬ್ಬರ ಹಾಡುಗಳ ಸಂಕಲನವನ್ನು ಕುರಿತು ಇಂದು ಮಾತನಾಡಲು ಒಪ್ಪಿಕೊಂಡಿದ್ದೇನೆಂದರೆ, ಅದಕ್ಕೆ ಒಂದು ಹಳೆಯ ಸಾಲ ಕಾರಣ. ಆ ಸಾಲ ಯಾರದು, ಎಂಥದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

1982ರ ಕೊನೆಯ ದಿನಗಳಿರಬೇಕು. ನಾವು ಎಂ.ಎ. ಓದುತ್ತಿದ್ದೆವು. ನಮ್ಮ ವಿದ್ಯಾರ್ಥಿನಿಲಯದಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಸಹಪಾಠಿಯೊಬ್ಬನಿಗೆ ಕೊಲ್ಲಿಯ ದೇಶದಲ್ಲಿ ಕೆಲಸಕ್ಕಿದ್ದ ಅಣ್ಣ ಒಂದು ಟೇಪ್ ರೆಕಾರ್ಡರನ್ನೂ ನಾಲ್ಕಾರು ಕ್ಯಾಸೆಟ್ಟುಗಳನ್ನೂ ತಂದುಕೊಟ್ಟಿದ್ದ. ಅವುಗಳಲ್ಲೊಂದು ಬಾರ್ಬ್ರಾ ಸ್ಟ್ರೈಸಂಡ್ ಎಂಬ ಗಾಯಕಿಯ ‘ಮೆಮೊರೀಸ್’. ಒಂದು ರಾತ್ರಿ ಆತ ನನ್ನನ್ನು ಕರೆದು ಮೊದಲನೆಯ ಹಾಡನ್ನು ಕೇಳಿಸಿದ. ಹಾಡು ಮುಗಿದ ಮೇಲೆ, “ಇದು ಎಲಿಯಟ್ ಕಣೋ” ಎಂದ. ನಾನು ನಕ್ಕುಬಿಟ್ಟೆ. ಆ ವರ್ಷ ನಮ್ಮೆಲ್ಲರ ನಾಲಗೆಯ ಮೇಲೆ ಎಲಿಯಟ್‌ ಇದ್ದ. ನವ್ಯ ಕಾವ್ಯವನ್ನು ಓದುವುದೆಂದರೆ ಎಲಿಯಟ್‌ನ ಹೆಸರು ಹೇಳುವುದು ಎಂದು ನಾವು ತಿಳಿದಿದ್ದ ಕಾಲ. ಅಂಥ ಕವಿಯನ್ನು ಈತ ಸಿನಿಮಾ ಹಾಡುಗಾರ್ತಿಯೊಬ್ಬಳ ಕ್ಯಾಸೆಟ್ಟಿನಲ್ಲಿ ಕಂಡನೆಂದರೆ! ಮರುದಿನ ಊಟದ ಸಾಲಿನಲ್ಲಿ ನಾನು ಈ ಮಾತನ್ನು ಎಲ್ಲರಿಗೂ ಹೇಳಿ ನಗಿಸಿದೆ. ಆತ ಏನೂ ಹೇಳಲಿಲ್ಲ. ಬಹಳ ದಿನ ಅವನನ್ನು ‘ಎಲಿಯಟ್’ ಎಂದೇ ಎಲ್ಲರೂ ಕರೆದರು.

ಅವನ ಮಾತು ನಿಜವಾಗಿತ್ತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಈ ಬಗೆಯ ಸಂಕಲನಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

‘ಆಲ್ಬಂ’ ಎಂದೊಡನೆ ನಮಗೆ ಮದುವೆಯ ಫೋಟೋಗಳ ಪುಸ್ತಕ ನೆನಪಾಗುತ್ತದೆ. ಹಾಡಿನ ಆಲ್ಬಂ ಕೂಡ ಮೊದಲಿಗೆ ಅಂಥ ಪುಸ್ತಕವೇ ಆಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರ. ಇಂಥ ಹಲವು ತಟ್ಟೆಗಳನ್ನು ಕಾಗದದ ಚೀಲಗಳಲ್ಲಿಟ್ಟು, ದಪ್ಪ ರಟ್ಟಿನ ಹೊದಿಕೆಯಲ್ಲಿ ಪುಸ್ತಕದಂತೆ ಕಟ್ಟಿ ಮಾರುತ್ತಿದ್ದರು. 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ‘ಒಕ್ಲಹೋಮಾ!’ ಎಂಬ ಸಂಗೀತ ನಾಟಕ ಬಂದಿತು. ಅದರ ಹಾಡುಗಳನ್ನು ನಾಟಕದ ನಟರಿಂದಲೇ ಹಾಡಿಸಿ, ಡೆಕ್ಕಾ ಕಂಪನಿಯವರು ಆರು ತಟ್ಟೆಗಳ ಆಲ್ಬಂ ಹೊರಡಿಸಿದರು. ಅದರ ಯಶಸ್ಸಿನಿಂದ, ಥಿಯೇಟರಿನ ಬಾಗಿಲನ್ನೇ ಕಾಣದ ದೂರದ ಊರುಗಳ ಜನಕ್ಕೂ ನಾಟಕದ ಹಾಡು ಮನೆಯ ಮಾತಾಯಿತು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ತಂದಿತು. ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡು ಹಿಡಿಯತೊಡಗಿದಾಗ, ಯಾವ ಹಾಡಿನ ಮುಂದೆ ಯಾವ ಹಾಡು ಎಂಬ ಪ್ರಶ್ನೆ ಹುಟ್ಟಿತು. ಹಾಡುಗಳನ್ನು ಪೋಣಿಸುವುದೇ ಒಂದು ರಚನೆಯಾಯಿತು.

ಇಲ್ಲಿಂದ ಮುಂದೆ ಎರಡು ದಾರಿಗಳು ಕಾಣುತ್ತವೆ. ಎಲಾ ಫಿಟ್ಸ್‌ಜೆರಾಲ್ಡ್ ಎಂಬ ಮಹಾಗಾಯಕಿ 1956ರಲ್ಲಿ ಕೋಲ್ ಪೋರ್ಟರ್ ಎಂಬ ಒಬ್ಬನೇ ಗೀತಕಾರನ 32 ಹಾಡುಗಳನ್ನು ಹೊಸದಾಗಿ ಹಾಡಿ ಒಂದೆಡೆ ತಂದರು. ಅನಂತರ ಜೆರೋಮ್ ಕರ್ನ್ ಮೊದಲಾದ ಇತರರ ಹಾಡುಗಳನ್ನೂ ಹೀಗೆಯೇ ಹಾಡಿದರು. ಇದು ಗೀತಕಾರನನ್ನು ಮುಂದಿಟ್ಟ ದಾರಿ. 1958ರಲ್ಲಿ ಜಾನಿ ಮ್ಯಾಥಿಸ್ ಎಂಬ ಯುವಕನ, ಆಗಲೇ ಜನಪ್ರಿಯವಾಗಿದ್ದ ಬಿಡಿಹಾಡುಗಳನ್ನು ಕೂಡಿಸಿ ‘ಜಾನೀಸ್ ಗ್ರೇಟೆಸ್ಟ್ ಹಿಟ್ಸ್’ ಎಂದು ಕೊಲಂಬಿಯಾದವರು ಹೊರಡಿಸಿದರು. ಅದು ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟ ಪಟ್ಟಿಯಲ್ಲಿ 490 ವಾರಗಳ ಕಾಲ, ಎಂದರೆ ಒಂಬತ್ತು ವರ್ಷಕ್ಕೂ ಮೀರಿ ಕಾಣಿಸಿಕೊಂಡಿತು. ಆ ದಾಖಲೆಯನ್ನು ಮತ್ತೊಂದು ಆಲ್ಬಂ ಮುರಿದದ್ದು 1983ರಲ್ಲಿ. ಇದು ಗಾಯಕನನ್ನು ಮುಂದಿಟ್ಟ ದಾರಿ. ಹಾಡು ಯಾವ ನಾಟಕದ್ದು, ಯಾವ ಚಿತ್ರದ್ದು, ಬರೆದವರು ಯಾರು ಎಂಬುದೆಲ್ಲ ಇಲ್ಲಿ ಹಿಂದೆ ಸರಿದು ಒಂದು ಕಂಠವಷ್ಟೇ ಉಳಿಯುತ್ತದೆ. 1981ರ ನವೆಂಬರಿನಲ್ಲಿ ಬಂದ ‘ಮೆಮೊರೀಸ್’ ಈ ಎರಡನೆಯ ದಾರಿಯದು.

ಬಾರ್ಬ್ರಾ ಸ್ಟ್ರೈಸಂಡ್ ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ. ಬ್ರಾಡ್‌ವೇ ರಂಗದ ಮೇಲೆ 1962ರಲ್ಲಿ ಒಂದು ಸಣ್ಣ ಹಾಸ್ಯ ಪಾತ್ರದಿಂದ ಗಮನ ಸೆಳೆದರು. 1964ರಲ್ಲಿ ‘ಫನಿ ಗರ್ಲ್’ ನಾಟಕದ ನಾಯಕಿಯಾದರು. 1968ರಲ್ಲಿ ಅದೇ ಪಾತ್ರವನ್ನು ಚಲನಚಿತ್ರದಲ್ಲಿ ನಿರ್ವಹಿಸಿ ಆಸ್ಕರ್ ಪಡೆದರು. ಹಾಡನ್ನು ಅದರ ಮೂಲದಿಂದ ಕಿತ್ತು ಬೇರೆಯೇ ಅರ್ಥ ಬರುವಂತೆ ಹಾಡುವುದರಲ್ಲಿ ಇವರಿಗೆ ಮೊದಲಿನಿಂದಲೂ ಒಲವು. ಸಂತೋಷದ ದಿನಗಳು ಮರಳಿದುವೆಂದು ಸಾರುವ 1929ರ ಗೀತೆಯೊಂದಿದೆ. 1932ರ ಚುನಾವಣೆಯಲ್ಲಿ ರೂಸ್‌ವೆಲ್ಟರ ಪಕ್ಷದವರು ಅದನ್ನು ಮೆರವಣಿಗೆಯ ಹುರುಪಿನಲ್ಲಿ ಹಾಡಿದ್ದರು. 1963ರ ತಮ್ಮ ಮೊದಲನೆಯ ಆಲ್ಬಮ್ಮಿನಲ್ಲಿ ಸ್ಟ್ರೈಸಂಡ್ ಅದನ್ನು ವಿಳಂಬ ಗತಿಯಲ್ಲಿ, ಬಿಕ್ಕಳಿಕೆಯನ್ನು ತಡೆಹಿಡಿದವರಂತೆ ಹಾಡಿದರು. ಪದಗಳು ಅವೇ, ಅರ್ಥ ಮಾತ್ರ ತಿರುವುಮುರುವು. ನಮ್ಮ ಆಲಂಕಾರಿಕರು ‘ಕಾಕು’ ಎಂದು ಕರೆದದ್ದು, ಧ್ವನಿಯ ವಿಕಾರದಿಂದಲೇ ಅರ್ಥ ಬೇರೆಯಾಗುವುದು, ಇದಲ್ಲದೆ ಮತ್ತೇನು?

‘ಮೆಮೊರೀಸ್’ನಲ್ಲಿರುವುದು ಹತ್ತು ಹಾಡುಗಳು. ಹೆಚ್ಚಿನವು ಆಗಲೇ ಪ್ರಸಿದ್ಧವಾಗಿದ್ದಂಥವು. ಅವುಗಳ ಊರುಗಳು ಬೇರೆ ಬೇರೆ. ಎರಡು ‘ಎ ಸ್ಟಾರ್ ಈಸ್ ಬಾರ್ನ್’ ಎಂಬ 1976ರ ಚಲನಚಿತ್ರದವು. ಅವುಗಳಲ್ಲಿ ‘ಎವರ್‌ಗ್ರೀನ್’ ಹಾಡಿಗೆ ರಾಗ ಹಾಕಿದವರು ಸ್ವತಃ ಸ್ಟ್ರೈಸಂಡ್. ಸಾಹಿತ್ಯ ಬರೆದ ಪಾಲ್ ವಿಲಿಯಮ್ಸ್‌ರೊಡನೆ ಅದಕ್ಕೂ ಆಸ್ಕರ್ ಹಂಚಿಕೊಂಡರು. ಇನ್ನೊಂದು ಬಿಲಿ ಜೋಯೆಲ್ ತನ್ನ ಊರು ನ್ಯೂಯಾರ್ಕನ್ನು ನೆನೆದು ಬರೆದದ್ದು. ಮತ್ತೊಂದು 1979ರಲ್ಲಿ ಡೋನಾ ಸಮ್ಮರ್‌ರೊಡನೆ ಹಾಡಿದ ಕುಣಿತದ ಹಾಡು. ಕೊನೆಯದು ‘ದ ವೇ ವಿ ವರ್’. 1973ರ ಅದೇ ಹೆಸರಿನ ಚಿತ್ರದ್ದು.

ಬಾನುಲಿಯ ಶ್ರೋತೃಗಳಾದ ನಿಮಗೆ ಇವುಗಳಲ್ಲೊಂದರ ಕಥೆಯನ್ನು ಹೇಳಲೇಬೇಕು. ಹೂ ತರುವುದನ್ನು ಮರೆತ ದಾಂಪತ್ಯವನ್ನು ಕುರಿತ ಗೀತೆಯೊಂದನ್ನು ನೀಲ್ ಡೈಮಂಡ್ ಎಂಬ ಗಾಯಕ 1977ರಲ್ಲಿ ಹಾಡಿದ್ದ. ಅದನ್ನೇ ಸ್ಟ್ರೈಸಂಡ್ 1978ರಲ್ಲಿ ಪ್ರತ್ಯೇಕವಾಗಿ ಹಾಡಿದರು. ಕೆಂಟಕಿ ಪ್ರಾಂತದ ಲೂಯಿವಿಲ್ ನಗರದ ರೇಡಿಯೋ ನಿರೂಪಕನೊಬ್ಬ ಎರಡೂ ಒಂದೇ ಶ್ರುತಿಯಲ್ಲಿರುವುದನ್ನು ಗಮನಿಸಿ, ಎರಡು ಮುದ್ರಿಕೆಗಳನ್ನು ಸಾಲು ಸಾಲಾಗಿ ಕತ್ತರಿಸಿ ಜೋಡಿಸಿ, ಗಂಡಹೆಂಡಿರ ಸಂವಾದದಂತೆ ಮಾಡಿ ಪ್ರಸಾರ ಮಾಡಿದ. ಕೇಳಿದವರೆಲ್ಲ ಅಂಗಡಿಗೆ ಹೋಗಿ ಆ ತಟ್ಟೆಯನ್ನು ಕೇಳತೊಡಗಿದರು. ಅಂಥ ತಟ್ಟೆಯೇ ಇರಲಿಲ್ಲ! ಕೊನೆಗೆ ಕಂಪನಿಯವರು ಇಬ್ಬರನ್ನೂ ಕೂಡಿಸಿ ನಿಜವಾಗಿಯೂ ಹಾಡಿಸಬೇಕಾಯಿತು. 1978ರ ಡಿಸೆಂಬರಿನಲ್ಲಿ ಅದು ಅಮೆರಿಕದ ಪಟ್ಟಿಯ ಅಗ್ರಸ್ಥಾನಕ್ಕೆ ಏರಿತು. ಇವರಿಬ್ಬರೂ ಬ್ರೂಕ್ಲಿನ್ನಿನ ಒಂದೇ ಪ್ರೌಢಶಾಲೆಯ ಗಾಯನವೃಂದದಲ್ಲಿ ಇದ್ದವರು. ಶಾಲೆಯಲ್ಲಿ ಒಟ್ಟಿಗಿದ್ದವರನ್ನು ಮತ್ತೆ ಒಂದು ಹಾಡಿನಲ್ಲಿ ಕೂಡಿಸಿದ್ದು, ಅವರಿಗೆ ಗೊತ್ತೇ ಇಲ್ಲದ ಒಬ್ಬ ಬಾನುಲಿ ನೌಕರನ ಕತ್ತರಿ.

ಇನ್ನು ಆ ಮೊದಲನೆಯ ಹಾಡಿಗೆ ಬರೋಣ. 1911ರಲ್ಲಿ, ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದ ಟಿ. ಎಸ್. ಎಲಿಯಟ್ ಪ್ಯಾರಿಸ್ಸಿನಲ್ಲಿದ್ದಾಗ ‘ರಾಪ್ಸೊಡಿ ಆನ್ ಎ ವಿಂಡಿ ನೈಟ್’ ಎಂಬ ಕವಿತೆಯನ್ನು ಬರೆದ. ಮಧ್ಯರಾತ್ರಿಯಿಂದ ಬೆಳಗಿನ ಜಾವದ ನಾಲ್ಕು ಗಂಟೆಯ ತನಕ ಒಬ್ಬ ಮನುಷ್ಯ ಬರಿದಾದ ಬೀದಿಗಳಲ್ಲಿ ನಡೆಯುತ್ತಾನೆ. ಒಂದೊಂದು ಬೀದಿದೀಪವೂ ಅವನಿಗೆ ಒಂದೊಂದನ್ನು ತೋರಿಸುತ್ತದೆ: ಬಾಗಿಲಲ್ಲಿ ನಿಂತ, ಸೆರಗು ಹರಿದ ಹೆಂಗಸು, ಚರಂಡಿಯಲ್ಲಿ ಹಳಸಿದ ಬೆಣ್ಣೆ ತಿನ್ನುವ ಬೆಕ್ಕು, ಕಳೆಗುಂದಿದ ಚಂದ್ರ. ನೆನಪು ಇಲ್ಲಿ ಸಾಂತ್ವನವಲ್ಲ; ಕ್ರಮ ತಪ್ಪಿ ಬಂದು ಕಾಡುವಂಥದು. 1917ರಲ್ಲಿ ಆತನ ಮೊದಲ ಸಂಕಲನದಲ್ಲಿ ಈ ಕವಿತೆ ಸೇರಿತು. ಇಪ್ಪತ್ತೆರಡು ವರ್ಷಗಳ ಅನಂತರ, 1939ರಲ್ಲಿ, ಅದೇ ಕವಿ ಮಕ್ಕಳಿಗಾಗಿ ಬೆಕ್ಕುಗಳ ಮೇಲೆ ತಮಾಷೆಯ ಪದ್ಯಗಳ ಪುಸ್ತಕವೊಂದನ್ನು ಪ್ರಕಟಿಸಿದ. 1965ರಲ್ಲಿ ತೀರಿಕೊಂಡ.

ಆಂಡ್ರ್ಯೂ ಲಾಯ್ಡ್ ವೆಬರ್ ಎಂಬ ಸಂಗೀತ ಸಂಯೋಜಕನಿಗೆ ಆ ಬೆಕ್ಕಿನ ಪದ್ಯಗಳಿಗೆ ರಾಗ ಹಾಕಿ ರಂಗದ ಮೇಲೆ ತರಬೇಕೆಂಬ ಆಸೆ ಹುಟ್ಟಿತು. ಕವಿಯ ಪತ್ನಿ ವ್ಯಾಲರಿ ಎಲಿಯಟ್ ಅನುಮತಿಯ ಜೊತೆಗೆ, ಅಚ್ಚಾಗದೆ ಉಳಿದಿದ್ದ ಒಂದು ತುಣುಕನ್ನೂ ಕೊಟ್ಟರು. ಗ್ರಿಜಬೆಲ್ಲಾ ಎಂಬ, ಒಂದು ಕಾಲದಲ್ಲಿ ಬೆಡಗಿನಿಂದ ಮೆರೆದು ಈಗ ಕುಲದಿಂದ ಹೊರಬಿದ್ದ ಮುದಿ ಬೆಕ್ಕಿನ ಮೇಲಣ ಕೆಲವೇ ಸಾಲುಗಳವು. ಮಕ್ಕಳಿಗೆ ತೀರ ದುಃಖದ್ದಾಯಿತೆಂದು ಕವಿ ಅದನ್ನು ಪುಸ್ತಕದಿಂದ ಬಿಟ್ಟಿದ್ದ. ಬಿಟ್ಟದ್ದೇ ನಾಟಕದ ಜೀವಾಳವಾಯಿತು. ಗ್ರಿಜಬೆಲ್ಲಾಳ ಬಾಯಿಗೆ ಒಂದು ದೊಡ್ಡ ಹಾಡು ಬೇಕಾದಾಗ, ನಿರ್ದೇಶಕ ಟ್ರೆವರ್ ನನ್ 1911ರ ಆ ಗಾಳಿಯ ರಾತ್ರಿಯ ಕವಿತೆಯನ್ನು ಮುಖ್ಯ ಆಕರವಾಗಿಟ್ಟುಕೊಂಡು ‘ಮೆಮೊರಿ’ ಗೀತೆಯನ್ನು ಬರೆದರು. ‘ಕ್ಯಾಟ್ಸ್’ ನಾಟಕ ಲಂಡನ್ನಿನಲ್ಲಿ 1981ರ ಮೇ 11ರಂದು ತೆರೆಕಂಡಿತು. ಆ ಪಾತ್ರ ಮಾಡಬೇಕಾಗಿದ್ದ ಜೂಡಿ ಡೆಂಚ್ ಅಭ್ಯಾಸದ ವೇಳೆ ಹಿಮ್ಮಡಿಯ ನರ ಹರಿದು ಹಿಂದೆ ಸರಿದುದರಿಂದ, ಎಲೇನ್ ಪೇಜ್ ಬಂದು ಹಾಡಿದರು. ಅದೇ ವರ್ಷದ ನವೆಂಬರಿನ ಹೊತ್ತಿಗೆ ಆ ಹಾಡು ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಟ್ರೈಸಂಡರ ಸಂಕಲನದ ಮೊದಲ ಹಾಡಾಗಿ ಕುಳಿತಿತ್ತು. ಮರುವರ್ಷ ನನ್ನ ಸಹಪಾಠಿಯ ಕೋಣೆಗೆ ಬಂದಿತು.

ನಾನು ಇದನ್ನು ತಿಳಿದದ್ದು ಹತ್ತು ವರ್ಷಗಳ ಅನಂತರ. ಎಲಿಯಟ್‌ನ ಪ್ರಭಾವವನ್ನು ಕುರಿತು ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ ಆ ಕವಿತೆಯನ್ನು ಮೊದಲ ಸಲ ಪೂರ್ತಿಯಾಗಿ ಓದಿದೆ. ಬೀದಿದೀಪ, ಚಂದ್ರ, ನೆನಪು, ಬೆಕ್ಕು! ಕಿವಿಯಲ್ಲಿ ಆ ರಾತ್ರಿಯ ಹಾಡು ಎದ್ದು ಬಂತು. ನಾನು ಎಲಿಯಟ್‌ನನ್ನು ವಿಮರ್ಶಕರ ಉದ್ಧರಣೆಗಳಲ್ಲಿ ಓದಿದ್ದೆ. ಆತ ಕವಿತೆಯನ್ನು ಓದಿದ್ದ. ನಾನು ಹೆಸರನ್ನು ಬಲ್ಲೆ. ಆತ ದನಿಯನ್ನು ಗುರುತಿಸಿದ. ಕೂಡಲೇ ಒಂದು ಕಾರ್ಡು ಬರೆಯಬೇಕಾಗಿತ್ತು. ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಆತ ಅಧ್ಯಾಪಕನಾಗಿದ್ದ, ವಿಳಾಸವೂ ನನ್ನಲ್ಲಿತ್ತು. ಇಷ್ಟು ಸಣ್ಣ ಸಂಗತಿಗೆ ಕಾಗದವೇಕೆ, ಸಿಕ್ಕಾಗ ಹೇಳಿದರಾಯಿತು ಎಂದುಕೊಂಡೆ. ಸಣ್ಣ ಸಂಗತಿ ಎಂಬುದು ನೆಪ. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಅಹಂಕಾರ ಅಡ್ಡ ಬಂದಿತ್ತು.

ಹಾಗಾದರೆ ಅಂದಿನ ನನ್ನ ಆಕ್ಷೇಪಣೆಯಲ್ಲಿ ಹುರುಳೇ ಇರಲಿಲ್ಲವೇ? ಸ್ವಲ್ಪ ಇತ್ತು. ಪಾತ್ರದಿಂದ ಹಾಡನ್ನು ಬಿಡಿಸಿದಾಗ ಏನೋ ಒಂದು ಕಳೆದುಹೋಗುವುದು ಸುಳ್ಳಲ್ಲ. ನಾಟಕದಲ್ಲಿ ಆ ಮುದಿ ಬೆಕ್ಕು ಕೇಳುವುದು ಪ್ರಣಯವನ್ನಲ್ಲ. ತನ್ನನ್ನು ಹೊರಹಾಕಿದ ಕುಲದವರ ಒಂದು ಸ್ಪರ್ಶವನ್ನು. ಸಂಕಲನದಲ್ಲಿ ಅದೇ ಹಾಡು ಅಗಲಿದ ಪ್ರಿಯನನ್ನು ನೆನೆವ ಹೆಣ್ಣಿನದಾಗಿ ಕೇಳಿಸುತ್ತದೆ. ‘ದ ವೇ ವಿ ವರ್’ ಚಿತ್ರದ ಗಂಡಹೆಂಡಿರು ಬೇರೆಯಾಗುವುದರಲ್ಲಿ, ಕಮ್ಯುನಿಸ್ಟರೆಂದು ಹೆಸರಿಟ್ಟು ಹಾಲಿವುಡ್ಡಿನವರನ್ನು ಬೇಟೆಯಾಡಿದ ಕಾಲದ ರಾಜಕೀಯವೂ ಸೇರಿದೆ. ಹಾಡಿನಲ್ಲಿ ಆ ರಾಜಕೀಯದ ಸುಳಿವಿಲ್ಲ. ಬ್ರಿಟನ್ನಿನಲ್ಲಿ ಈ ಸಂಕಲನವನ್ನು ಇನ್ನೂ ಕೆಲವು ಹಾಡು ಸೇರಿಸಿ ‘ಲವ್ ಸಾಂಗ್ಸ್’ ಎಂದೇ ಮಾರಿದರು. 1982ರಲ್ಲಿ ಅದು ಅಲ್ಲಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಬೀದಿ, ಬಡತನ, ಬಹಿಷ್ಕಾರ, ರಾಜಕೀಯ ಇವೆಲ್ಲವೂ ಪ್ರೇಮವೆಂಬ ಒಂದೇ ಹೆಸರಿನಡಿ ಕರಗಿಹೋದುವು.

ಆದರೆ ಕನ್ನಡದ ವಿದ್ಯಾರ್ಥಿಯಾದ ನಾನು ಮತ್ತೊಂದನ್ನು ಮರೆಯಬಾರದಾಗಿತ್ತು. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ. ಹಿಂದಿನ ಕವಿಗಳ ಕಾವ್ಯಗಳಿಂದ ಪದ್ಯಗಳನ್ನು ಬಿಡಿಸಿ ತೆಗೆದು, ಸಮುದ್ರ, ಪುರ, ಋತು, ಚಂದ್ರೋದಯ ಮೊದಲಾದ ವರ್ಣನೆಗಳ ಕೆಳಗೆ ಜೋಡಿಸಿದ. ಕಥೆಯಿಂದಲೂ ಪಾತ್ರದಿಂದಲೂ ಬೇರೆಯಾದ ಪದ್ಯಗಳವು, ನಷ್ಟವಾಗಿರಲೇಬೇಕು. ಆದರೆ ಒಂದನೆಯ ಗುಣವರ್ಮನ ‘ಶೂದ್ರಕ’ ಇಂದು ಎಲ್ಲಿದೆ? ಕಾವ್ಯ ಅಳಿಯಿತು; ಸಂಕಲನಕಾರರೂ ವ್ಯಾಕರಣಕಾರರೂ ಎತ್ತಿಕೊಂಡ ಬಿಡಿ ಪದ್ಯಗಳು ಉಳಿದುವು. ಬ್ರಾಡ್‌ವೇಯಲ್ಲೂ ಇಂಥದೇ ನಡೆದಿದೆ. ಜೆರೋಮ್ ಕರ್ನ್‌ನ ‘ವೆರಿ ವಾರ್ಮ್ ಫಾರ್ ಮೇ’ ಎಂಬ ನಾಟಕ 1939ರಲ್ಲಿ 59 ಪ್ರಯೋಗಗಳಿಗೇ ನಿಂತುಹೋಯಿತು. ಅದರ ‘ಆಲ್ ದ ಥಿಂಗ್ಸ್ ಯು ಆರ್’ ಎಂಬ ಹಾಡನ್ನು ಮಾತ್ರ ತಲೆಮಾರು ತಲೆಮಾರಿನ ಗಾಯಕರು ಹಾಡಿ ಉಳಿಸಿದ್ದಾರೆ. ಎಲಾ ಫಿಟ್ಸ್‌ಜೆರಾಲ್ಡರ ಕರ್ನ್ ಸಂಕಲನದಲ್ಲಿಯೂ ಅದಿದೆ. ಮನೆ ಬಿದ್ದರೂ ಬಾಗಿಲ ತೋರಣ ಬೇರೆ ಮನೆಗೆ ಹೋಗಿ ಶೋಭಿಸಿದಂತೆ.

ಇಷ್ಟಲ್ಲದೆ, ಜೋಡಣೆಗೆ ತನ್ನದೇ ಒಂದು ಅರ್ಥವಿದೆ. ‘ಮೆಮೊರೀಸ್’ ಆರಂಭವಾಗುವುದು ನೆನಪಿಗೆ ಮೊರೆಯಿಡುವ ಹಾಡಿನಿಂದ. ಮುಗಿಯುವುದು ನಾವು ನಿಜವಾಗಿ ಹಾಗಿದ್ದೆವೋ, ನೆನಪೇ ನಮ್ಮನ್ನು ಹಾಗೆ ತಿದ್ದಿತೋ ಎಂದು ಸಂಶಯಪಡುವ ಹಾಡಿನಿಂದ. ಈ ಎರಡು ತುದಿಗಳ ನಡುವೆ ಉಳಿದ ಎಂಟೂ ಹಾಡುಗಳು ಬೇರೊಂದು ಬಣ್ಣ ಪಡೆಯುತ್ತವೆ. ಹತ್ತು ಬೇರೆ ಬೇರೆ ಹೆಂಗಸರ ಹಾಡು ಒಬ್ಬಳದೇ ಜೀವನಕಥೆಯಂತೆ ಕೇಳಿಸುತ್ತದೆ. ಮಾರಾಟಕ್ಕೆಂದೇ ಮಾಡಿದ ಸಂಕಲನವಾದರೂ ಇಷ್ಟು ಅದರಲ್ಲಿ ಒದಗಿ ಬಂದಿದೆ.

ಸ್ಟ್ರೈಸಂಡ್ 1985ರಲ್ಲಿ ರಂಗಗೀತೆಗಳನ್ನೇ ಹಾಡಿ ‘ದ ಬ್ರಾಡ್‌ವೇ ಆಲ್ಬಂ’ ಮಾಡಲು ಹೊರಟಾಗ ಕಂಪನಿಯವರು ಹಿಂಜರಿದರು. ಅಂಥ ಹಾಡುಗಳಿಗೆ ಈಗ ಯಾರಿದ್ದಾರೆ ಎಂಬುದು ಅವರ ಅಂಜಿಕೆ. ಸ್ಟೀಫನ್ ಸೋಂಡೈಮ್ ಎಂಬ ನಾಟಕಗೀತಕಾರ ತಮ್ಮದೊಂದು ಹಾಡಿನ ಮಾತುಗಳನ್ನು ಇವರಿಗೋಸ್ಕರ ತಿದ್ದಿಕೊಟ್ಟರು. ಮೂಲದಲ್ಲಿ ಚಿತ್ರಕಾರನೊಬ್ಬನ ಪಾಡಾಗಿದ್ದ ಅದು, ವ್ಯಾಪಾರಿಗಳ ನಡುವೆ ಕಲೆಯನ್ನು ಉಳಿಸಿಕೊಳ್ಳಲು ಹೆಣಗುವ ಗಾಯಕಿಯ ಪಾಡಾಯಿತು. 1986ರ ಜನವರಿಯಲ್ಲಿ ಆ ಆಲ್ಬಂ ಅಮೆರಿಕದ ಪಟ್ಟಿಯ ಅಗ್ರಸ್ಥಾನದಲ್ಲಿತ್ತು.

ಎಲಿಯಟ್‌ನಿಗೆ ಏನಾಯಿತು? ತೀರಿಕೊಂಡ ಹದಿನೆಂಟು ವರ್ಷಗಳ ಮೇಲೆ, 1983ರಲ್ಲಿ, ‘ಕ್ಯಾಟ್ಸ್’ಗಾಗಿ ಬ್ರಾಡ್‌ವೇಯ ಟೋನಿ ಪ್ರಶಸ್ತಿ ಆತನಿಗೆ ಸಂದಿತು. ನಾಟಕದಿಂದ ಬಂದ ಸಂಭಾವನೆಯ ಹಣದಿಂದ ವ್ಯಾಲರಿ ಎಲಿಯಟ್ ದತ್ತಿಯೊಂದನ್ನು ಸ್ಥಾಪಿಸಿದರು. 1993ರಲ್ಲಿ ಆತನ ಹೆಸರಿನ ಕಾವ್ಯ ಪ್ರಶಸ್ತಿ ಆರಂಭವಾದಾಗ ಅದರ ಹಣವನ್ನು ಕೊಟ್ಟವರೂ ಅವರೇ. ಜನಪ್ರಿಯ ಹಾಡಿನಿಂದ ಕಾವ್ಯಕ್ಕೆ ಅಪಚಾರವಾಯಿತೆನ್ನುವವರು ಈ ಲೆಕ್ಕವನ್ನೂ ನೋಡಬೇಕು.

ನಮ್ಮಲ್ಲಿಯೂ ಇದು ನಡೆದಿದೆ. ಕನ್ನಡದಲ್ಲಿ ಎಲಿಯಟ್‌ನ ಮಾರ್ಗವನ್ನು ನೆನೆದಾಗ ಮೊದಲು ಬರುವ ಹೆಸರು ಗೋಪಾಲಕೃಷ್ಣ ಅಡಿಗರದು. ಹಾಡಲೊಲ್ಲದ, ಓದಿ ತಿಣುಕಬೇಕಾದ ಕವಿತೆ ಅವರದೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದೆವು. 1990ರ ದಶಕದಲ್ಲಿ ‘ಅಮೆರಿಕಾ ಅಮೆರಿಕಾ’ ಚಿತ್ರದ ಮೂಲಕ ಅವರ ‘ಯಾವ ಮೋಹನ ಮುರಳಿ’ ಮನೆಮನೆಯ ಹಾಡಾಯಿತು. ‘ಭೂಮಿಗೀತ’ವನ್ನು ಕೈಯಲ್ಲಿ ಹಿಡಿಯದವರೂ ಅಡಿಗರ ಹೆಸರನ್ನು ಬಲ್ಲವರಾದರು. ಅವರಲ್ಲಿ ಕೆಲವರು ಆ ಹಾಡಿನ ಕೈಹಿಡಿದು ‘ಭೂಮಿಗೀತ’ದ ತನಕ ನಡೆದು ಬಂದದ್ದನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ. ಹಾಡು ಕವಿತೆಗೆ ಬದಲಿಯಲ್ಲ, ನಿಜ. ಆದರೆ ಅದು ಕವಿತೆಯ ಮನೆಗೆ ಹೋಗುವ ಒಂದು ದಾರಿ. ಆ ದಾರಿಯಲ್ಲಿ ಬಂದವನನ್ನು ಹಿಂಬಾಗಿಲಿನಿಂದ ಬಂದನೆಂದು ನಗುವ ಅಧಿಕಾರ ಅಧ್ಯಾಪಕನಿಗಿಲ್ಲ.

ನನ್ನ ಸಹಪಾಠಿ 2011ರಲ್ಲಿ ತೀರಿಕೊಂಡ. ಸಿಕ್ಕಾಗ ಹೇಳಿದರಾಯಿತು ಎಂದುಕೊಂಡದ್ದು ಉಳಿದೇಹೋಯಿತು. ಅದಾಗಲೇ ಎರಡು ಮೂರು ಸಲ ಮೌಲ್ಯಮಾಪನದ ಶಿಬಿರಗಳಲ್ಲಿ ನಾವು ಸಿಕ್ಕಿದ್ದೆವು. ಉತ್ತರಪತ್ರಿಕೆಗಳ ವಿಷಯ, ವರ್ಗಾವಣೆಯ ವಿಷಯ ಎಲ್ಲ ಮಾತಾಡಿದೆವು. ಇದೊಂದನ್ನು ನಾನು ಆಡಲಿಲ್ಲ. ಈಚೆಗೆ ಮೊಮ್ಮಗಳು ತನ್ನ ಫೋನಿನಲ್ಲಿ ಆ ಸಂಕಲನವನ್ನು ಹುಡುಕಿ ಕೊಟ್ಟಳು. ಈಗಿನ ಯಂತ್ರ ಹಾಡುಗಳನ್ನು ತನಗೆ ತೋಚಿದ ಕ್ರಮದಲ್ಲಿ ಕಲಸಿ ನುಡಿಸಬಲ್ಲದಂತೆ. ಹಾಗೆ ಬೇಡ ಮಗು, ಮೊದಲಿನಿಂದ ಕೊನೆಯ ತನಕ ಇದ್ದ ಹಾಗೆಯೇ ಹಾಕು ಎಂದೆ. ಮೊದಲನೆಯ ಹಾಡು ಮುಗಿದಾಗ ಆಕೆ, “ಇದು ಯಾರದು ತಾತ?” ಎಂದು ಕೇಳಿದಳು.

“ಎಲಿಯಟ್‌ದು” ಎಂದೆ. ಅದನ್ನು ನನಗೆ ಹೇಳಿಕೊಟ್ಟವನು ಯಾರೆಂಬುದನ್ನೂ ಹೇಳಿದೆ.

(ಬಾನುಲಿ ಭಾಷಣ)